ಬೋರ್‌ವೆಲ್ ನೀರು ಕುಡಿದ ಮೈ

ಓದುವ ಮುಂಚೆ ಒಮ್ಮೆ ಎದ್ದು ನಿಲ್ಲಿ. ಮಂಡಿ ಮಡಚದೆ ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟಿ. ಮತ್ತೆ ನೆಟ್ಟಗೆ ನಿಂತು ಕತ್ತು ಬಗ್ಗಿಸಿ, ಗದ್ದ ಎದೆಗೆ ತಾಗುತ್ತದೆಯೇ ನೋಡಿ. ಕೊನೆಗೆ ಎರಡೂ ತೋಳು ಅಗಲಕ್ಕೆ ಚಾಚಿ, ಮೊಣಕೈ ಮಡಚಿ, ಕೈಯಿಂದ ತಲೆಯ ಹಿಂಭಾಗ ಮುಟ್ಟಿ.

ಮೂರೂ ಸಲೀಸಾಗಿ ಆದರೆ ಒಳ್ಳೆಯದು. ಆಗದಿದ್ದರೆ ಗಾಬರಿ ಬೀಳಬೇಕಿಲ್ಲ. ವಯಸ್ಸು, ಬೊಜ್ಜು, ದಿನವಿಡೀ ಕೂತೇ ಮಾಡುವ ಕೆಲಸ ಎಲ್ಲವೂ ಮೈಯನ್ನು ಬಿಗಿ ಮಾಡುತ್ತವೆ. ಆದರೆ ನೀವು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯವರಾಗಿದ್ದು, ವಯಸ್ಸು ನಲವತ್ತರ ಆಸುಪಾಸಿನಲ್ಲೇ ಇದ್ದು, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಬೆನ್ನು ಸೆಟೆದುಕೊಳ್ಳುತ್ತಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ಮನೆಗೆ ಬರುವ ನೀರು ಎಲ್ಲಿಯದು? ನೀರಿನಲ್ಲಿ ಫ್ಲೋರೈಡ್ ಅತಿಯಾಗಿ ಹಲ್ಲು, ಮೂಳೆ ಕೆಡಿಸುವ ಕಾಯಿಲೆ ಫ್ಲೋರೋಸಿಸ್. ಅದರ ನಿಯಂತ್ರಣಕ್ಕೆ ಕೇಂದ್ರ ಸರ್ಕಾರ 2008-09ರಲ್ಲಿ ಶುರು ಮಾಡಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಆರೋಗ್ಯ ಸಿಬ್ಬಂದಿ ಹಳ್ಳಿಯ ಜನರಿಂದ ಮಾಡಿಸಿ ನೋಡುವುದು ಇವೇ ಮೂರು ಪರೀಕ್ಷೆಗಳನ್ನು.

ಶಾಲೆಯ ಗೋಡೆಗೆ ತೂಗುಹಾಕಿದ ದೇಹದ ಚಾರ್ಟ್ ಎಲ್ಲ ಊರಿಗೂ ಒಂದೇ. ಅದರಲ್ಲಿ ಮೂಳೆ ಬಿಳಿ, ಶ್ವಾಸಕೋಶ ಗುಲಾಬಿ, ನರ ಹಳದಿ. ಊರಿನ ನೀರು ಯಾವುದು, ಮನೆಯವರು ಮಾಡುವ ಕೆಲಸ ಯಾವುದು ಎಂಬುದು ಅದಕ್ಕೆ ಬೇಕಿಲ್ಲ. ನಮಗೆ ಬೇಕು. ಇಲ್ಲಿನ ಮೂಳೆಗೆ ಸಾವಿರ ಅಡಿ ಆಳದ ನೀರು ಇಳಿಯುತ್ತದೆ; ಶಿಡ್ಲಘಟ್ಟದ ಶ್ವಾಸಕೋಶಕ್ಕೆ ರೇಷ್ಮೆಗೂಡು ಬೇಯುವ ಹಬೆ; ದ್ರಾಕ್ಷಿ, ಟೊಮೆಟೊ ತೋಟದವರ ನರಕ್ಕೆ ಕೀಟನಾಶಕದ ಹನಿ. ಹಾಗಾಗಿ ಅಡಿಯಿಂದ ಮುಡಿಯವರೆಗೆ ಎಲ್ಲ ಅಂಗಗಳ ಪಟ್ಟಿ ಒಪ್ಪಿಸುವ ಬದಲು, ಈ ನೆಲದ ನೀರು ಮತ್ತು ದುಡಿಮೆಗೆ ಮೊದಲು ಸಿಕ್ಕಿಬೀಳುವ ಅಂಗಗಳನ್ನು ನೋಡೋಣ.

ಕಲ್ಲಿನಿಂದ ನೀರಿಗೆ, ನೀರಿನಿಂದ ಮೂಳೆಗೆ

ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ನಂದಿಬೆಟ್ಟದ ಸಾಲಿನ ಮಡಿಲಲ್ಲೇ ಹುಟ್ಟುತ್ತವೆ. ಆದರೆ ಗೌರಿಬಿದನೂರಿನ ಹತ್ತಿರ ಪಿನಾಕಿನಿಯನ್ನು ನೋಡಿದರೆ ವರ್ಷದ ಹೆಚ್ಚು ದಿನ ಕಾಣುವುದು ಮರಳು, ಜಾಲಿ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ನೂರು ವರ್ಷ ದಾಟಿ ಬಾಳಿದ ಸರ್ ಎಂ. ವಿಶ್ವೇಶ್ವರಯ್ಯನವರ ಬಾಲ್ಯದಲ್ಲಿ ಈ ಕಡೆಯ ಊರುಗಳು ಕುಡಿಯುತ್ತಿದ್ದುದು ಕೆರೆ, ಬಾವಿ, ಕಲ್ಯಾಣಿಗಳ ನೀರು. ಕೆರೆ ಬತ್ತಿತು, ಬಾವಿ ಬತ್ತಿತು, ಕೊಳವೆಬಾವಿ ಐನೂರು ಅಡಿಗೆ ಹೋಯಿತು, ಸಾವಿರ ದಾಟಿತು. ಆಳಕ್ಕೆ ಇಳಿದಷ್ಟೂ ನೀರು ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ಬಂಡೆಯಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್‌ನಂತಹ ಖನಿಜಗಳಿಂದ ಫ್ಲೋರೈಡ್ ಆ ನೀರಿಗೆ ಸೇರುತ್ತಾ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗದು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ; ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಅದಕ್ಕಿಂತ ಹೆಚ್ಚಾದರೆ ಮೊದಲು ಹಲ್ಲು, ಲೀಟರಿಗೆ 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಕೆಡುತ್ತದೆ. ಬಿಸಿಲಲ್ಲಿ ದುಡಿಯುವವನು ದಿನಕ್ಕೆ ನಾಲ್ಕು ಲೀಟರ್ ಕುಡಿಯುತ್ತಾನೆ. ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದರೂ ಅವನ ಹೊಟ್ಟೆಗೆ ಹೋಗುವುದು 8 ಮಿಲಿಗ್ರಾಂ. ನೆರಳಲ್ಲಿ ಕೂತು ಎರಡು ಲೀಟರ್ ಕುಡಿಯುವವನಿಗೆ ಇದರ ಅರ್ಧ. ಒಂದೇ ಊರು, ಒಂದೇ ನಲ್ಲಿ, ಆದರೂ ಕೂಲಿಯವನ ಬೆನ್ನು ಮೊದಲು ಬಾಗುವುದಕ್ಕೆ ಇದೂ ಒಂದು ಕಾರಣ.

ಈಗ ಮೂಳೆಗೆ ಬರೋಣ. ದೊಡ್ಡವರ ಮೈಯಲ್ಲಿ 206 ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಇದಕ್ಕಿಂತ ಹೆಚ್ಚು. ಬೆಳೆಯುತ್ತಾ ಕೆಲವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆನ್ನುಮೂಳೆ ಎನ್ನುವುದು ಒಂದೇ ಮೂಳೆಯಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಬಿಡಿ ಮೂಳೆಗಳು, ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದೆಲುಬು. ಇವುಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಮೂಳೆ ಮೂಳೆಯನ್ನು ಕಟ್ಟಿಹಿಡಿಯುವ ನಾರಿನ ಪಟ್ಟಿಗೆ ಅಸ್ಥಿರಜ್ಜು ಎಂದು ಹೆಸರು. ಅದು ಬಳುಕಬೇಕು, ಬಳುಕಿದರೆ ಮಾತ್ರ ನಾವು ಬಗ್ಗಬಹುದು.

ಮೂಳೆ ಸತ್ತ ವಸ್ತುವಲ್ಲ. ಅದರೊಳಗೆ ಒಂದು ಬಗೆಯ ಜೀವಕೋಶಗಳು ಹಳೆಯದನ್ನು ಕರಗಿಸುತ್ತಲೇ ಇರುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಲೇ ಇರುತ್ತವೆ. ವರ್ಷಕ್ಕೆ ಮೈಯ ಮೂಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಹೀಗೆ ಹೊಸದಾಗುತ್ತದೆ. ಫ್ಲೋರೈಡ್ ಹೊಕ್ಕುವುದು ಈ ಕೆಲಸದ ನಡುವೆ. ಮೂಳೆಯ ಖನಿಜದಲ್ಲಿ ಇರಬೇಕಾದ ಒಂದು ಘಟಕದ ಜಾಗದಲ್ಲಿ ತಾನು ಕೂರುತ್ತದೆ, ಕಟ್ಟುವ ಜೀವಕೋಶಗಳನ್ನು ಕೆರಳಿಸುತ್ತದೆ. ಮೂಳೆ ದಪ್ಪವಾಗುತ್ತದೆ, ಎಕ್ಸ್‌ರೇಯಲ್ಲಿ ಅತಿ ಬಿಳಿಯಾಗಿ ಕಾಣುತ್ತದೆ. ದಪ್ಪವಾಯಿತೆಂದು ಗಟ್ಟಿಯಾಯಿತು ಅಂದುಕೊಳ್ಳಬೇಡಿ. ಆ ಮೂಳೆ ಬೇಗ ಮುರಿಯುತ್ತದೆ. ಬಳುಕಬೇಕಿದ್ದ ಅಸ್ಥಿರಜ್ಜುಗಳಲ್ಲೂ ಸುಣ್ಣ ಕಟ್ಟುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ತೆಳು ಪೊರೆಯಲ್ಲಿ ಸುಣ್ಣ ಕಟ್ಟಿದ್ದು ಎಕ್ಸ್‌ರೇಯಲ್ಲಿ ಕಂಡರೆ ವೈದ್ಯರಿಗೆ ಅನುಮಾನ ಬಲವಾಗುತ್ತದೆ. ಕತ್ತಿನಲ್ಲಿ ಬೆನ್ನುಹುರಿಯ ಕೊಳವೆಯೇ ಕಿರಿದಾದರೆ ಕಾಲಿನಲ್ಲಿ ಜೋಮು, ಬಲಹೀನತೆ, ಮುಂದೆ ನಡೆಯಲಾಗದ ಸ್ಥಿತಿ.

ಈ ಕಾಯಿಲೆ ಭಾರತದಲ್ಲಿ ಮೊದಲು ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ನಮ್ಮ ನೆರೆಯ ಆಂಧ್ರವೇ. ಅಲ್ಲಿ ಮೊದಲು ಅನುಮಾನ ಬಂದದ್ದು ದನಗಳ ಮೇಲೆ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ನಲ್ಗೊಂಡದ ಕಡೆ ಇನ್ನೊಂದು ಸಂಗತಿ ಕಂಡರು: ಕ್ಯಾಲ್ಸಿಯಂ ಕಡಿಮೆ ತಿನ್ನುವ ಮಕ್ಕಳಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ನೀರು ಎಷ್ಟು ಕೆಟ್ಟದ್ದು ಎಂಬುದರ ಜೊತೆಗೆ ತಟ್ಟೆಯಲ್ಲಿ ಏನಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು.

ಹಲ್ಲು ಹೇಳುವ ಸುಳಿವು

ಮೂಳೆಗಿಂತ ಮೊದಲು ಸುಳಿವು ಕೊಡುವುದು ಹಲ್ಲು. ಒಂಬತ್ತು ಹತ್ತು ವರ್ಷದ ಹುಡುಗ ನಕ್ಕಾಗ ಮೇಲಿನ ಮುಂದಿನ ಹಲ್ಲುಗಳನ್ನು ಗಮನಿಸಿ. ಮೊದಲು ಸೀಮೆಸುಣ್ಣದಂತಹ ಮಂಕು ಬಿಳಿ, ಅದರ ಮೇಲೆ ಹಲ್ಲಿಗೆ ಅಡ್ಡಡ್ಡವಾಗಿ ಎಳೆದ ಹಳದಿ ಗೆರೆ, ಮುಂದೆ ಅದು ಕಂದು; ಎಡದ ಹಲ್ಲಿನಲ್ಲಿ ಎಷ್ಟೋ ಬಲದ ಜೋಡಿ ಹಲ್ಲಿನಲ್ಲೂ ಸರಿಸುಮಾರು ಅಷ್ಟೇ. ಇದು ಕೊಳೆಯಲ್ಲ. ಎಷ್ಟು ಉಜ್ಜಿದರೂ ಹೋಗದು, ಏಕೆಂದರೆ ಕಲೆ ಇರುವುದು ಹಲ್ಲಿನ ಹೊರಕವಚದ ಒಳಗೆ. ಆ ಕವಚ ಒಸಡಿನ ಒಳಗಡೆಯೇ, ಹಲ್ಲು ಹೊರಬರುವ ಎಷ್ಟೋ ವರ್ಷ ಮೊದಲೇ ತಯಾರಾಗಿರುತ್ತದೆ. ಏಳು ವರ್ಷಕ್ಕೆ ಹುಟ್ಟಿದ ಹಲ್ಲಿನ ಮೇಲಿನ ಕಲೆ, ಆ ಮಗು ಎರಡು ಮೂರು ವರ್ಷದ್ದಿದ್ದಾಗ ಕುಡಿದ ನೀರಿನದು.

ಹಲ್ಲುಜ್ಜುವುದಿಲ್ಲ ಎಂದು ಇಂತಹ ಮಕ್ಕಳನ್ನು ತರಗತಿಯಲ್ಲಿ ಗದರುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ದಯವಿಟ್ಟು ಗದರಬೇಡಿ. ಒಂದು ತರಗತಿಯಲ್ಲಿ ಹಲವು ಮಕ್ಕಳ ಹಲ್ಲು ಹೀಗಿದ್ದರೆ ಆ ಊರಿನ ನೀರನ್ನು ಪರೀಕ್ಷೆಗೆ ಕಳಿಸಬೇಕು.

ಎಂಟು ವರ್ಷದ ಹೊತ್ತಿಗೆ ಬುದ್ಧಿಹಲ್ಲು ಬಿಟ್ಟು ಉಳಿದ ಶಾಶ್ವತ ಹಲ್ಲುಗಳ ಕವಚ ಮುಗಿದಿರುತ್ತದೆ. ಆಮೇಲೆ ನೀರು ಕೆಟ್ಟರೂ ಹಲ್ಲಿಗೆ ಹೊಸ ಗೆರೆ ಬೀಳದು. ಇದನ್ನೇ ತಿರುಗಿಸಿ ಹೇಳುವುದಾದರೆ, ಬೇರೆ ಊರಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಮುತ್ತಿನಂತಿದ್ದ ಮಾತ್ರಕ್ಕೆ ಅವಳ ಮೂಳೆಗೆ ಏನೂ ಆಗಿಲ್ಲ ಎನ್ನುವಂತಿಲ್ಲ.

ನೋವಿನ ಮಾತ್ರೆ ಮತ್ತು ಕಿಡ್ನಿ

ಬೆನ್ನು ನೋವು, ಮಂಡಿ ನೋವು ಎಂದಾಗ ನಾವು ಮಾಡುವುದೇನು? ಮೆಡಿಕಲ್ ಸ್ಟೋರಿಗೆ ಹೋಗಿ ಎರಡು ಮಾತ್ರೆ ತರುತ್ತೇವೆ. ನುಂಗಿದರೆ ಕೆಲಸಕ್ಕೆ ಹೋಗಬಹುದು. ನಾಳೆ ಮತ್ತೆ ಎರಡು. ಹೀಗೆ ವರ್ಷಗಟ್ಟಲೆ ನಡೆಯುತ್ತದೆ. ಈ ಪ್ರದೇಶದಲ್ಲಿ ಇದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಯಾಕೆ ಎಂದು ತಿಳಿಯಲು ಮೂತ್ರಪಿಂಡದ ಕೆಲಸ ಗೊತ್ತಿರಬೇಕು.

ಕಿಡ್ನಿ ಎರಡು, ಒಂದೊಂದೂ ಮುಷ್ಟಿಯಷ್ಟು, ತೂಕ ಸುಮಾರು 150 ಗ್ರಾಂ. ಅವು ಇರುವುದು ಸೊಂಟದಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಇನ್ನೂ ಮೇಲೆ, ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. ಸೊಂಟ ಹಿಡಿದುಕೊಂಡ ಕೂಡಲೇ ಕಿಡ್ನಿ ಹೋಯಿತು ಎಂದು ಹೆದರುವ ಅಗತ್ಯವಿಲ್ಲ. ಸೊಂಟ ಚೆನ್ನಾಗಿದೆ, ಹಾಗಾಗಿ ಕಿಡ್ನಿಯೂ ಚೆನ್ನಾಗಿದೆ ಎಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಕಿಡ್ನಿ ನಿಧಾನವಾಗಿ ಕೆಡುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ.

ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಅದರಲ್ಲಿ ಬೇಕಾದದ್ದನ್ನೆಲ್ಲ ವಾಪಸು ರಕ್ತಕ್ಕೆ ಎಳೆದುಕೊಂಡು ಒಂದೂವರೆ ಲೀಟರ್ ಆಸುಪಾಸು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ರಕ್ತದೊತ್ತಡ ಕಾಯುವುದು, ಕೆಂಪು ರಕ್ತಕಣ ತಯಾರಿಸಲು ಮಜ್ಜೆಗೆ ಸೂಚನೆ ಕಳಿಸುವುದು, ವಿಟಮಿನ್ ಡಿಯನ್ನು ಮೈಗೆ ಒಗ್ಗುವ ರೂಪಕ್ಕೆ ತಿರುಗಿಸುವುದು ಕೂಡ ಇವುಗಳದ್ದೇ ಕೆಲಸ. ಕಿಡ್ನಿ ಕೆಟ್ಟವರು ಬಿಳಿಚಿಕೊಳ್ಳುವುದು, ಅವರ ಮೂಳೆ ಸವೆಯುವುದು ಇದರಿಂದಲೇ.

ಮೈಗೆ ಸೇರಿದ ಫ್ಲೋರೈಡನ್ನು ಹೊರಗೆ ಹಾಕುವ ಮುಖ್ಯ ದಾರಿಯೂ ಇದೇ. ದೊಡ್ಡವರಲ್ಲಿ ರಕ್ತಕ್ಕೆ ಸೇರಿದ ಫ್ಲೋರೈಡಿನಲ್ಲಿ ಸುಮಾರು ಅರ್ಧ ಮೂಳೆಗೆ ಹೋಗುತ್ತದೆ, ಉಳಿದದ್ದು ಮೂತ್ರದಲ್ಲಿ ಹೊರಹೋಗುತ್ತದೆ. ಎಳೆಯ ಮಕ್ಕಳಲ್ಲಿ ಮೂಳೆಗೆ ಹೋಗುವ ಪಾಲು ಇನ್ನೂ ಹೆಚ್ಚು.

ಈಗ ಮಾತ್ರೆಯ ಕತೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆದು ನೋವು ಇಳಿಸುತ್ತವೆ. ಅದೇ ರಾಸಾಯನಿಕ ಜಠರದ ಒಳಪದರವನ್ನು ಕಾಯುತ್ತದೆ, ಕಿಡ್ನಿಗೆ ರಕ್ತ ತರುವ ಪುಟ್ಟ ನಾಳವನ್ನು ಅಗಲವಾಗಿ ಇಡುತ್ತದೆ. ಬಿಸಿಲಲ್ಲಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದವರಿಗೆ, ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಈ ರಕ್ಷಣೆ ಹೆಚ್ಚು ಬೇಕು. ಮಾತ್ರೆ ಅದನ್ನೇ ಕಿತ್ತುಕೊಳ್ಳುತ್ತದೆ. ಕೆಟ್ಟ ನೀರಿನಿಂದ ಕೀಲು ನೋವು, ಕೀಲು ನೋವಿಗೆ ಮಾತ್ರೆ, ಮಾತ್ರೆಯಿಂದ ಕಿಡ್ನಿಗೆ ಪೆಟ್ಟು, ಕಿಡ್ನಿ ಕುಂದಿದರೆ ಫ್ಲೋರೈಡ್ ಹೊರಹೋಗದೆ ಮತ್ತಷ್ಟು ಮೂಳೆಗೆ. ಈ ಸುತ್ತಿನಿಂದ ಹೊರಬರಬೇಕಾದರೆ ಮೊದಲು ನೀರು ಬದಲಾಗಬೇಕು, ಮಾತ್ರೆ ವೈದ್ಯರ ಚೀಟಿಗೆ ಸೀಮಿತವಾಗಬೇಕು. ಬ್ರ್ಯಾಂಡ್ ಹೆಸರಿಲ್ಲದೆ ಪೊಟ್ಟಣ ಕಟ್ಟಿಕೊಡುವ ಪುಡಿ, ‘ಒಂದೇ ಡೋಸಿಗೆ ಗುಣ’ ಎನ್ನುವ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇರುತ್ತದೆ. ಪವಾಡಗಳನ್ನು ಪರೀಕ್ಷೆಗೆ ಒಡ್ಡಬೇಕೆಂದು ಸಮಿತಿಯನ್ನೇ ಕಟ್ಟಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಸೀಮೆಯ ಜನ ಪೊಟ್ಟಣದ ಪುಡಿಯಲ್ಲಿ ಏನಿದೆ ಎಂದಾದರೂ ಕೇಳಬೇಕು.

ಕಿಡ್ನಿ ಹೇಗಿದೆ ಎಂದು ತಿಳಿಯಲು ಎರಡು ಅಗ್ಗದ ಪರೀಕ್ಷೆ ಸಾಕು: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್. ಕ್ರಿಯಾಟಿನಿನ್ ಎಂಬುದು ಮಾಂಸಖಂಡದಿಂದ ಬರುವ ಕಸ. ಕಿಡ್ನಿಯ ಶಕ್ತಿ ಅರ್ಧದಷ್ಟು ಕುಂದುವವರೆಗೂ ಅದು ನಾರ್ಮಲ್ ಗೆರೆಯೊಳಗೇ ಇರಬಹುದು. ಅದಕ್ಕೇ ಮೂತ್ರದ ಅಲ್ಬುಮಿನ್ ಪರೀಕ್ಷೆಯೂ ಬೇಕು. ಸಕ್ಕರೆ ಕಾಯಿಲೆಯವರಲ್ಲಿ ಜರಡಿ ಸೋರಲು ಶುರುವಾದದ್ದನ್ನು ಅದು ಮೊದಲೇ ಹೇಳುತ್ತದೆ. ವರ್ಷಕ್ಕೊಮ್ಮೆ ಇವೆರಡನ್ನೂ ಮಾಡಿಸಿ. ಇನ್ನೊಂದು ಮಾತು. ಕಲ್ಲು ಕಟ್ಟಿದವರಿಗೆ ‘ನೀರು ಜಾಸ್ತಿ ಕುಡಿಯಿರಿ’ ಎಂಬ ಸಲಹೆ ಸಿಗುತ್ತದೆ, ಸರಿಯಾದ ಸಲಹೆಯೇ. ಆದರೆ ನಮ್ಮ ಕಡೆ ಆ ಸಲಹೆಯ ಬೆನ್ನಿಗೇ ‘ಯಾವ ನೀರು’ ಎಂದೂ ಕೇಳಬೇಕು.

ಶಿಡ್ಲಘಟ್ಟದ ಉಸಿರು

ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕವೊಂದರ ಒಳಗೆ ಹೊಕ್ಕರೆ ಮೊದಲು ಮುಖಕ್ಕೆ ಬಡಿಯುವುದು ಹಬೆ, ಆಮೇಲೆ ಬೆಂದ ಹುಳುವಿನ ವಾಸನೆ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿದರೆ ಎಳೆಗಳನ್ನು ಅಂಟಿಸಿ ಹಿಡಿದಿರುವ ಸೆರಿಸಿನ್ ಎಂಬ ಅಂಟು ಸಡಿಲವಾಗುತ್ತದೆ. ಬೇಸಿನ್ನಿನ ಮುಂದೆ ಕೂತ ಹೆಣ್ಣುಮಗಳ ಬೆರಳು ಬಿಸಿನೀರಿನಲ್ಲಿ ತೇಲುವ ಗೂಡುಗಳ ನಡುವೆ ಕಣ್ಣಿಗೂ ಕಾಣದ ಎಳೆಯ ತುದಿ ಹುಡುಕುತ್ತದೆ, ಹಿಡಿಯುತ್ತದೆ, ತಿರುಗುವ ಎಳೆಗೆ ಸೇರಿಸುತ್ತದೆ. ಬೆರಳ ತುದಿ ಬೆಳ್ಳಗೆ ನೆರಿಗೆಗಟ್ಟಿರುತ್ತದೆ. ಕೈಗವಸು ಹಾಕಿಕೊಳ್ಳಿ ಎಂದು ಬರೆಯುವುದು ಸುಲಭ. ಹಾಕಿದರೆ ಎಳೆ ಸಿಗುವುದಿಲ್ಲ. ಕೆಲಸ ಬಿಟ್ಟ ಕೂಡಲೇ ಕೈಯನ್ನು ತಣ್ಣನೆ ಶುದ್ಧ ನೀರಿನಲ್ಲಿ ತೊಳೆದು, ಬೆರಳ ಸಂದು ಪೂರ್ತಿ ಒಣಗಿಸಿ, ಕೊಬ್ಬರಿ ಎಣ್ಣೆ ಹಚ್ಚುವುದನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು. ಚರ್ಮದ ಮೇಲಿನ ಜಿಡ್ಡಿನ ಪದರ ನೀರಿನಲ್ಲಿ ಹೋದರೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಸೋಂಕು ಸೇರುತ್ತದೆ.

ಉಸಿರಿನದು ಇದಕ್ಕಿಂತ ದೊಡ್ಡ ವಿಷಯ. ಶ್ವಾಸನಾಳ ಎದೆಯೊಳಗೆ ಎರಡಾಗಿ, ಕವಲಿಗೆ ಕವಲೊಡೆದು, ಕೊನೆಗೆ ಮೂವತ್ತು ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಲ್ಲಿ ಮುಗಿಯುತ್ತದೆ. ಅವುಗಳ ಗೋಡೆ ಎಷ್ಟು ತೆಳು ಎಂದರೆ ಆಮ್ಲಜನಕ ನೇರವಾಗಿ ರಕ್ತಕ್ಕೆ ದಾಟುತ್ತದೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು, ಹೃದಯಕ್ಕೆ ಜಾಗ ಬಿಡಬೇಕಲ್ಲ. ಎರಡರ ಕೆಳಗೆ ವಪೆ ಎಂಬ ಮಾಂಸದ ಹಾಳೆ. ಅದು ಕೆಳಕ್ಕೆ ಇಳಿದರೆ ಗಾಳಿ ಒಳಕ್ಕೆ, ಮೇಲೇರಿದರೆ ಹೊರಕ್ಕೆ.

ಅಸ್ತಮಾದಲ್ಲಿ ಕೆಡುವುದು ಗಾಳಿಚೀಲವಲ್ಲ, ಕವಲುಗಳು. ಅವುಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಕಫ ಕಟ್ಟುತ್ತದೆ. ರೇಷ್ಮೆಯ ಸೆರಿಸಿನ್, ಗೂಡಿನೊಳಗಿನ ಪ್ಯೂಪದ ಪ್ರೋಟೀನ್, ಚಿಟ್ಟೆಯ ರೆಕ್ಕೆಯ ಪುಡಿ ಕೆಲವರ ಮೈಗೆ ಒಗ್ಗುವುದಿಲ್ಲ. ಕರ್ನಾಟಕದ ರೇಷ್ಮೆ ನೂಲು ಬಿಚ್ಚುವ ಘಟಕಗಳ ಕೆಲಸಗಾರರಲ್ಲಿ ಕಸುಬಿನಿಂದ ಬರುವ ಅಸ್ತಮಾ ಇದೆ ಎಂಬುದನ್ನು 1980ರ ದಶಕದಲ್ಲೇ ವಿಜ್ಞಾನಿಗಳು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಸೌದೆ ಒಲೆಯ ಹೊಗೆ ಇದ್ದರೆ ಕಷ್ಟ ಇಮ್ಮಡಿ. ಹುಳು ಸಾಕುವವರಿಗೂ ಎಚ್ಚರ ಬೇಕು. ಸಾಕಣೆ ಮನೆಗೆ ಹೊಡೆಯುವ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಎರಡೂ ಕಣ್ಣು, ಮೂಗು, ಶ್ವಾಸನಾಳವನ್ನು ಸುಡುತ್ತವೆ. ಎರಡನ್ನೂ ಒಟ್ಟಿಗೆ ಬೆರೆಸಲೇಬಾರದು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅನಿಲ ನಿಲ್ಲುವುದಿಲ್ಲ; ಅದಕ್ಕೆಂದೇ ಇರುವ ಮಾಸ್ಕ್ ಬೇಕು.

ಕಸುಬಿನ ಅಸ್ತಮಾ ಗುರುತಿಸುವ ಉಪಾಯ ಸರಳ. ಕೆಲಸದ ದಿನ, ಆ ರಾತ್ರಿ ಕೆಮ್ಮು, ಗೊರ್ ಗೊರ್ ಉಸಿರು ಹೆಚ್ಚು. ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋದರೆ ಕಡಿಮೆ. ಹಾಗಿದ್ದರೆ ಅದನ್ನು ವೈದ್ಯರಿಗೆ ಹೇಳಿ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಇನ್‌ಹೇಲರ್ ಬಗ್ಗೆ ಇರುವ ಹೆದರಿಕೆಯನ್ನೂ ಬಿಡಿ. ಮಾತ್ರೆಯಾದರೆ ಇಡೀ ಮೈಗೆಲ್ಲ ಸುತ್ತಾಡಿ ಎದೆಗೆ ಬರಬೇಕು. ಇನ್‌ಹೇಲರ್ ಅತಿ ಸಣ್ಣ ಪ್ರಮಾಣವನ್ನು ನೇರ ಕವಲಿಗೇ ಮುಟ್ಟಿಸುತ್ತದೆ. ಚಟ ಹಿಡಿಸುವ ವಸ್ತು ಅದರಲ್ಲಿಲ್ಲ.

ಔಷಧಿ ಹೊಡೆಯುವವರ ನರ

ದ್ರಾಕ್ಷಿ ಚಪ್ಪರದಡಿ ಔಷಧಿ ಹೊಡೆಯುವವನ ಮೈಮೇಲೆ ಹನಿ ಮೇಲಿಂದಲೇ ಬೀಳುತ್ತದೆ. ಚಿಂತಾಮಣಿ ಕಡೆಯ ಟೊಮೆಟೊ ತೋಟದಲ್ಲಿ ಬೆನ್ನಿನ ಪಂಪು ಸೋರುತ್ತದೆ. ಬಾಯಿಗೆ ಹೋಗದಿದ್ದರೆ ಸಾಕು ಎಂಬ ನಂಬಿಕೆ ಹಲವರದು. ಅನೇಕ ಕೀಟನಾಶಕಗಳು ಚರ್ಮದ ಮೂಲಕವೇ ಒಳಹೋಗುತ್ತವೆ.

ನರ ಸ್ನಾಯುವಿಗೆ ‘ಕೆಲಸ ಮಾಡು’ ಎಂದು ಹೇಳುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಹೇಳಿದ ಮರುಕ್ಷಣ ಒಂದು ಕಿಣ್ವ ಬಂದು ಆ ರಾಸಾಯನಿಕವನ್ನು ಒಡೆದುಹಾಕುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಜ್ಞೆ ನಿಲ್ಲುವುದೇ ಇಲ್ಲ: ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತದೆ, ಹೊಟ್ಟೆ ನುಲಿದು ಭೇದಿ, ಕಣ್ಣಪಾಪೆ ಗುಂಡುಸೂಜಿಯ ತುದಿಯಷ್ಟಾಗುತ್ತದೆ, ಮಾಂಸಖಂಡ ಅದುರಿ ಸೋಲುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಇದಕ್ಕೆ ಆಸ್ಪತ್ರೆಯಲ್ಲಿ ಅಟ್ರೊಪಿನ್ ಎಂಬ ಮದ್ದಿದೆ, ಆದರೆ ಹೊತ್ತಾಗಬಾರದು. 108ಕ್ಕೆ ಕರೆ ಮಾಡಿ. ಅಷ್ಟರಲ್ಲಿ ಬಟ್ಟೆ ಬಿಚ್ಚಿಸಿ ಸೋಪು ಹಾಕಿ ಮೈ ತೊಳೆಯಿರಿ, ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿಯನ್ನು ಜೊತೆಯಲ್ಲೇ ಒಯ್ಯಿರಿ. ಡಬ್ಬಿಯ ಮೇಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೊಳ್ಳುವಾಗಲೇ ಅದನ್ನು ನೋಡಿ.

‘ಗ್ಯಾಸ್ಟ್ರಿಕ್’ ಎನ್ನುವ ಮುನ್ನ

ನೀರು, ದುಡಿಮೆಯಿಂದಾಚೆಗೆ ಎದೆನೋವಿನ ಬಗ್ಗೆಯೂ ಒಂದು ಮಾತು. ಅನ್ನನಾಳ ಹೃದಯದ ಬೆನ್ನಿಗೇ ಇಳಿಯುತ್ತದೆ. ಎರಡರ ನೋವಿನ ನರಗಳೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸೇರುವುದರಿಂದ ಮಿದುಳಿಗೂ ಗೊಂದಲ. ಹಾಗಾಗಿ ಎದೆಯುರಿಯನ್ನೂ ಹೃದಯಾಘಾತವನ್ನೂ ನೋವಿನಿಂದಲೇ ಬೇರೆ ಮಾಡುತ್ತೇನೆ ಎಂದು ಹೊರಡಬೇಡಿ. ಎದೆಯ ನಡುವೆ ಭಾರ, ಅದು ಎಡತೋಳು, ದವಡೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು ಇದ್ದರೆ ಸೋಡಾ, ಓಮದ ನೀರು ಎಂದು ಹೊತ್ತು ಕಳೆಯದೆ ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಹೃದಯಾಘಾತ ಎದೆನೋವಿಲ್ಲದೆ ಬರೀ ಸುಸ್ತು, ಉಬ್ಬಸವಾಗಿಯೂ ಬರಬಹುದು. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಹೃದ್ರೋಗ ತಜ್ಞರು ದೂರದಿಂದಲೇ ನೋಡುವ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಬೆಂಗಳೂರಿಗೆ ಕಾರು ಹುಡುಕುವ ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ.

ಹೊಟ್ಟೆಯ ವಿಳಾಸಗಳನ್ನೂ ಬೇಗ ಹೇಳಿಬಿಡುತ್ತೇನೆ. ಬಲ ಪಕ್ಕೆಲುಬಿನ ಕೆಳಗೆ ಲಿವರ್ ಮತ್ತು ಪಿತ್ತಕೋಶ. ನಡುವೆ, ಎಡಕ್ಕೆ ಜಠರ. ಅದರ ಹಿಂದೆ ಮೇದೋಜೀರಕ ಗ್ರಂಥಿ, ಅದು ಊದಿದರೆ ನೋವು ಬೆನ್ನಿಗೆ ತೂರುತ್ತದೆ. ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದು ನಿಂತರೆ ಅಪೆಂಡಿಕ್ಸ್ ಇರಬಹುದು. ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿದರೆ ಕಲ್ಲು. ವೈದ್ಯರು ಕೇಳಿದಾಗ ‘ಹೊಟ್ಟೆ ನೋವು ಸಾರ್’ ಎಂದಷ್ಟೇ ಹೇಳದೆ, ಒಂದೇ ಬೆರಳಿನಿಂದ ಜಾಗ ತೋರಿಸಿ. ಎಲ್ಲಿ ಶುರುವಾಯಿತು, ಎಲ್ಲಿಗೆ ಹೋಯಿತು ಎಂದೂ ಹೇಳಿ. ಜೊತೆಗೆ ಮನೆಯ ನೀರು ಬೋರ್‌ವೆಲ್ಲಿನದೋ ಕ್ಯಾನಿನದೋ, ಕೆಲಸ ಏನು, ದಿನಾ ನುಂಗುವ ಮಾತ್ರೆ ಯಾವುದು ಎಂಬ ಮೂರು ಮಾತು.

ಮನೆಯಲ್ಲಿ ಮಾಡಬೇಕಾದ್ದು

ನೀರಿನ ಪರೀಕ್ಷೆಯಿಂದ ಶುರು ಮಾಡಿ. ಗ್ರಾಮ ಪಂಚಾಯಿತಿಯಲ್ಲಿ ಫೀಲ್ಡ್ ಟೆಸ್ಟ್ ಕಿಟ್ ಇದೆಯೇ ಎಂದು ಕೇಳಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೂ ನೀರು ಕೊಡಬಹುದು. ಶುದ್ಧವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ತುಂಬಿಸಿ. ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಕರಗಿದ ಲವಣಗಳ ಒಟ್ಟು ಮೊತ್ತ ಹೇಳುತ್ತದೆ, ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ; ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಬಟ್ಟೆ, ಕ್ಯಾಂಡಲ್, ಯುವಿ ಫಿಲ್ಟರುಗಳಿಂದಲೂ ಪ್ರಯೋಜನವಿಲ್ಲ. ಆರ್‌ಒ, ಆಕ್ಟಿವೇಟೆಡ್ ಅಲ್ಯುಮಿನಾ ಕೆಲಸ ಮಾಡುತ್ತವೆ, ಅದೂ ಆರ್‌ಒ ಮೆಂಬ್ರೇನನ್ನೂ ಅಲ್ಯುಮಿನಾವನ್ನೂ ಸಮಯಕ್ಕೆ ಬದಲಿಸಿದರೆ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ನಿಮ್ಮೂರಲ್ಲಿದ್ದರೆ ಅದರ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆ ಹರಿಯಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಕೆಲವು ತಿಂಗಳಾದರೂ ಅಡುಗೆಗೆ ಆಗುತ್ತದೆ, ಕುಡಿಯುವುದಕ್ಕಾದರೆ ಕುದಿಸಿ.

ಬಹಳ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. ಕುಡಿಯಲು ಕ್ಯಾನ್ ನೀರು, ಮುದ್ದೆಯ ಎಸರಿಗೆ, ಸಾರಿಗೆ, ಕಾಫಿಗೆ ನಲ್ಲಿ ನೀರು. ಮುದ್ದೆ, ಅನ್ನ ಕುಡಿಯುವ ನೀರೂ ಕೊನೆಗೆ ಸೇರುವುದು ನಮ್ಮ ಹೊಟ್ಟೆಗೇ. ಅಡುಗೆಗೂ ಕ್ಯಾನ್ ನೀರೇ ಬಳಸಿ. ಪಾತ್ರೆ, ಸ್ನಾನ, ಬಟ್ಟೆಗೆ ಬೋರ್‌ವೆಲ್ ನೀರು ಧಾರಾಳವಾಗಿ ಆಗುತ್ತದೆ, ಚರ್ಮದಿಂದ ಫ್ಲೋರೈಡ್ ಒಳಹೋಗುವುದಿಲ್ಲ.

ತಟ್ಟೆಯ ವಿಷಯದಲ್ಲಿ ನಮ್ಮ ಸೀಮೆ ಅದೃಷ್ಟವಂತ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದು ರಕ್ತಕ್ಕೆ ಹೋಗುವುದನ್ನು ಕಡಿಮೆ ಮಾಡುತ್ತದೆ. ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇರುವುದು ಅದರ ಒಂದು ಚೂರು ಮಾತ್ರ. ಡೇರಿಗೆ ಹಾಲು ಹಾಕುವ ಮನೆಗಳು ಮಕ್ಕಳಿಗೆಂದು ಒಂದು ಲೋಟ ತೆಗೆದಿಟ್ಟು ಉಳಿದದ್ದನ್ನು ಹಾಕಲಿ. ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿರಲಿ. ಹಾಲಿಲ್ಲದ ಟೀ ಕಡಿಮೆ ಮಾಡಿ; ಚಹಾ ಎಲೆಯಲ್ಲೇ ಫ್ಲೋರೈಡ್ ಇದೆ.

ಗಟ್ಟಿಯಾದ ಅಸ್ಥಿರಜ್ಜುವನ್ನು ಮತ್ತೆ ಮೆತ್ತಗೆ ಮಾಡುವ ಮದ್ದು ಸದ್ಯಕ್ಕಿಲ್ಲ. ನೀರು ಬದಲಿಸಿದರೆ ಮೂಳೆಯಲ್ಲಿ ಕೂತ ಫ್ಲೋರೈಡ್ ವರ್ಷಗಳ ಮೇಲೆ ನಿಧಾನವಾಗಿ ಇಳಿಯುತ್ತದೆ, ನೋವು ತಗ್ಗುತ್ತದೆ. ಇಡೀ ಮನೆಗೆ ಒಳ್ಳೆಯ ನೀರು ತರುವಷ್ಟು ದುಡ್ಡಿಲ್ಲ, ಹೊತ್ತು ತರುವವರೂ ಇಲ್ಲ ಎಂದಾದರೆ, ಇರುವ ಒಂದು ಕ್ಯಾನನ್ನು ಎಂಟು ವರ್ಷದೊಳಗಿನ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಕಿಡ್ನಿ ಕಾಯಿಲೆ ಇರುವವರಿಗೆ ಮೀಸಲಿಡಿ. ಅಂಗನವಾಡಿಯಲ್ಲಿ ನಿಮ್ಮ ಮಗುವಿಗೆ ಕುಡಿಯಲು ಕೊಡುವ, ಅಡುಗೆಗೆ ಹಾಕುವ ನೀರು ಯಾವುದು ಎಂದು ನಾಳೆಯೇ ಹೋಗಿ ಕೇಳಿ.